ನಕ್ಷೆಯಲ್ಲಿ ಬಿಳಿ ಬಿಟ್ಟ ಜಾಗ

ನಮ್ಮ ಗುಡೂರ ಸೀಮೆಗೆ ಒಂದು ವಿಚಿತ್ರ ಹೆಗ್ಗಳಿಕೆ ಇದೆ. ಚಾಲುಕ್ಯರ ಗುಡಿಗಳದ್ದಲ್ಲ, ಇಳಕಲ್ ಸೀರೆಯದ್ದೂ ಅಲ್ಲ. ಇದು ಸರ್ವೆ ಆಫ್ ಇಂಡಿಯಾದ ಟೋಪೋಶೀಟುಗಳಿಗೆ ಸಂಬಂಧಪಟ್ಟದ್ದು!

ಆ ಇಲಾಖೆಯ ಹಳೆಯ ಲೆಕ್ಕದ ಪ್ರಕಾರ ಬಾದಾಮಿ ನೋಡಬೇಕಾದರೆ 48ಎಂ ಹಾಳೆ ಬೇಕು. ಐಹೊಳೆಗೆ 47ಪಿ. ಹುನಗುಂದಕ್ಕೆ 56ಡಿ. ಇಳಕಲ್ಲಿಗೆ 57ಎ. ಮೋಟರ್ ಸೈಕಲ್ ಮೇಲೆ ಒಂದೇ ದಿನದಲ್ಲಿ ಸುತ್ತಿ ಬರಬಹುದಾದ ನಾಲ್ಕು ಊರುಗಳಿಗೆ ನಾಲ್ಕು ಬೇರೆ ಬೇರೆ ಹಾಳೆ. ಕಾರಣ ಸರಳ. 16 ಡಿಗ್ರಿ ಉತ್ತರ ಅಕ್ಷಾಂಶವೂ 76 ಡಿಗ್ರಿ ಪೂರ್ವ ರೇಖಾಂಶವೂ ಒಂದನ್ನೊಂದು ದಾಟುವುದು ನಮ್ಮ ಸೀಮೆಯಲ್ಲೇ. ದೇಶವನ್ನು ನಾಲ್ಕು ನಾಲ್ಕು ಡಿಗ್ರಿಯ ಚೌಕಗಳಾಗಿ ಕತ್ತರಿಸಿದವರ ಕತ್ತರಿ ಎರಡೂ ದಿಕ್ಕಿನಿಂದ ಇಲ್ಲೇ ಹಾದುಹೋಗಿದೆ. ನಾಲ್ಕು ಹಾಳೆಗಳನ್ನು ನೆಲದ ಮೇಲೆ ಹಾಸಿ ಮೂಲೆಗೆ ಮೂಲೆ ಕೂಡಿಸದೆ ನಮ್ಮ ಸೀಮೆ ಪೂರ್ತಿ ಕಾಣುವುದಿಲ್ಲ.

ನಾನೂ ಹಾಗೇ ಹಾಸಿ ನೋಡಿದವನೇ. ಹಳದಿ ಬಣ್ಣ ಅಂದರೆ ಉಳುವ ಹೊಲ. ಹಸಿರು ಅಂದರೆ ಕಾಡು. ನೀಲಿ ನೀರು, ಕೆಂಪು ದಾರಿ ಮತ್ತು ಮನೆಗಳು, ಕಂದು ಗೆರೆಗಳು ಗುಡ್ಡದ ಎತ್ತರ. ಇವು ಯಾವುದೂ ಅಲ್ಲದ ಜಾಗಕ್ಕೆ ಬಣ್ಣವೇ ಇಲ್ಲ, ಬಿಳಿ ಕಾಗದ ಹಾಗೇ ಇದೆ. ಮಲಪ್ರಭೆಯ ಇಕ್ಕೆಲದ ಕೆಂಪು ಕಲ್ಲಿನ ಗುಡ್ಡಗಳ ಮೇಲೆ ಹೀಗೆ ಬಿಳಿ ಬಿಟ್ಟ ಜಾಗ ಬಹಳ. ಕೆಲವು ಕಡೆ 'ಓಪನ್ ಸ್ಕ್ರಬ್' ಅಂತ ಸಣ್ಣ ಅಕ್ಷರ. ಅಂದರೆ ಕುರುಚಲು ಗಿಡ, ಹೇಳಿಕೊಳ್ಳುವಂಥದ್ದೇನೂ ಇಲ್ಲ ಅಂತ ಅರ್ಥ.

ಆದರೆ ಆ ಬಿಳಿ ಜಾಗದಲ್ಲೇ ನಮ್ಮ ಕಡೆಯ ಕುರಿಗಳೆಲ್ಲ ಮೇಯೋದು!

ಒಮ್ಮೆ ಗುಡ್ಡದ ಬುಡದಲ್ಲಿ ಕುರಿ ಹಿಂಡಿನ ಹಿಂದೆ ಹೊರಟಿದ್ದ ಹಿರಿಯರೊಬ್ಬರನ್ನು ಮಾತಾಡಿಸಿದೆ. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಕೋಲು.

"ಕಾಕಾ, ಈ ಗುಡ್ಡಕ್ಕ ಏನಂತ ಹೆಸರ್ರೀ?"

"ಗುಡ್ಡಕ್ಕ ಹೆಸರ ಯಾಕ ಬೇಕೋ ತಮ್ಮಾ? ಗುಡ್ಡ ಕಣ್ಣಿಗಿ ಕಾಣತೈತಿ. ನೀರು ಕಾಣಂಗಿಲ್ಲ ನೋಡು, ಅದಕ್ಕ ಹೆಸರ ಬೇಕು."

ಆಮೇಲೆ ಅವರು ಹೇಳಿದ ಹೆಸರುಗಳೆಲ್ಲ ಕೊಳ್ಳ, ಮಡು, ಪಡಿ, ಬಂಡೆಗಳದ್ದೇ. ನಾನು ಹಾಳೆ ತೆಗೆದು ಹುಡುಕಿದೆ. ಅಲ್ಲಿ ಗುಡ್ಡದ ತುದಿಯ ಎತ್ತರ ಇತ್ತು, ಅದೂ ಮೀಟರಿನಲ್ಲಿ. ಅವರು ಹೇಳಿದ ಹೆಸರುಗಳಲ್ಲಿ ಹೆಚ್ಚಿನವು ಇರಲಿಲ್ಲ.

ಅಂದಿನಿಂದ ತಲೆಯಲ್ಲಿ ಒಂದೇ ಹುಳ. ನಕ್ಷೆ ಮಾಡಿದವರು ತುದಿಯನ್ನು ಅಷ್ಟು ಚೆನ್ನಾಗಿ ಅಳೆದು ಇಳಿಜಾರನ್ನು ಯಾಕೆ ಬಿಳಿ ಬಿಟ್ಟರು? ಉತ್ತರ ಹುಡುಕುತ್ತಾ ಹೋದರೆ ಅದು ನಮ್ಮ ಬಯಲುಸೀಮೆಯಿಂದ ಮಲೆನಾಡಿಗೆ ಕರೆದೊಯ್ಯುತ್ತದೆ. ಈಸ್ಟ್ ಇಂಡಿಯಾ ಕಂಪನಿಯವರು 1799ರಲ್ಲಿ ಶ್ರೀರಂಗಪಟ್ಟಣ ಗೆದ್ದ ಮೇಲೆ ಗುಡ್ಡಗಳ ಮೇಲೆ ಯಂತ್ರ ಹೂಡಿ ನೆಲ ಅಳೆಯಲು ಶುರುಮಾಡಿದ್ದು ಮೈಸೂರು ಸೀಮೆಯಲ್ಲಿ. ಆಗ ಬಾದಾಮಿ ಇನ್ನೂ ಪೇಶ್ವೆಗಳ ಕೈಯಲ್ಲಿತ್ತು. ನಮ್ಮ ಕಡೆ ಕಂಪನಿ ಸರ್ಕಾರ ಬಂದದ್ದು 1818ರಲ್ಲಿ.

ಮೈಸೂರಿನಲ್ಲಿ ಒಂದೇ ಕಾಲಕ್ಕೆ ಎರಡು ಸರ್ವೆಗಳು ನಡೆದವು. ಒಂದು ವಿಲಿಯಂ ಲ್ಯಾಂಬ್ಟನ್‌ನದ್ದು, ಇನ್ನೊಂದು ಕಾಲಿನ್ ಮೆಕೆಂಜಿಯದ್ದು. ಇಬ್ಬರೂ ಶ್ರೀರಂಗಪಟ್ಟಣದ ಯುದ್ಧದಲ್ಲಿ ಇದ್ದವರೇ.

ಲ್ಯಾಂಬ್ಟನ್‌ನ ಕೆಲಸ ತ್ರಿಕೋನಗಳದ್ದು. ಶಾಲೆಯಲ್ಲಿ ಓದಿದ್ದು ನೆನಪಿದೆಯಾ? ತ್ರಿಕೋನದ ಒಂದು ಬಾಹು ಮತ್ತು ಕೋನಗಳು ಗೊತ್ತಿದ್ದರೆ ಉಳಿದೆರಡು ಬಾಹುಗಳನ್ನು ಲೆಕ್ಕ ಹಾಕಿ ತೆಗೆಯಬಹುದು. ನಡೆದು ಅಳೆಯಬೇಕಿಲ್ಲ. ಹೀಗಾಗಿ ಸಪಾಟಾದ ನೆಲದಲ್ಲಿ ಒಂದೇ ಒಂದು ಗೆರೆಯನ್ನು ಸರಪಳಿ ಹಿಡಿದು ಬಹಳ ಜೋಪಾನವಾಗಿ ಅಳೆಯುವುದು. ಆಮೇಲೆ ಗುಡ್ಡದ ತುದಿಯಿಂದ ತುದಿಗೆ ಕೋನ ನೋಡುತ್ತಾ ತ್ರಿಕೋನಕ್ಕೆ ತ್ರಿಕೋನ ಜೋಡಿಸುತ್ತಾ ಹೋಗುವುದು. ಅವನು 1800ರಲ್ಲಿ ಮೊದಲ ಗೆರೆ ಅಳೆದದ್ದು ಬೆಂಗಳೂರಿನ ಪಕ್ಕದಲ್ಲಿ, ಸುಮಾರು ಏಳೂವರೆ ಮೈಲಿ. 1802ರಲ್ಲಿ ಮದ್ರಾಸಿನಲ್ಲಿ ಮತ್ತೆ ಹೊಸದಾಗಿ ಶುರುಮಾಡಿದ.

ಅವನ ಸಾಮಾನುಗಳ ಕಥೆಯೇ ಬೇರೆ. ಉಕ್ಕಿನ ಸರಪಳಿ ಮೊದಲು ಚೀನಾದ ಚಕ್ರವರ್ತಿಗೆ ಉಡುಗೊರೆ ಅಂತ ಹೋಗಿ ಬೇಡವೆನಿಸಿಕೊಂಡು ವಾಪಸು ಬಂದದ್ದು! ಕೋನ ಅಳೆಯುವ ಅರ್ಧ ಟನ್ ತೂಕದ ದೊಡ್ಡ ಥಿಯೋಡೊಲೈಟ್ ಲಂಡನ್ನಿನಿಂದ ಬರುವಾಗ ಫ್ರೆಂಚರ ಹಡಗಿನ ಕೈಗೆ ಸಿಕ್ಕು ಮಾರಿಷಸ್‌ಗೆ ಹೋಗಿ, ಅಲ್ಲಿಯ ಗವರ್ನರ್ ದೊಡ್ಡ ಮನಸ್ಸು ಮಾಡಿ ಕಳಿಸಿದ ಮೇಲೆ ಮದ್ರಾಸು ಸೇರಿತು. ಆ ಯಂತ್ರವನ್ನು ಗುಡ್ಡ ಹತ್ತಿಸಿದವರು ಯಾರು? ಕೂಲಿಗಳು, ಲಸ್ಕರರು. ಅವರ ಹೆಸರು ನಕ್ಷೆಯ ಮೇಲಿಲ್ಲ.

ಮದ್ರಾಸಿನಿಂದ ಪಡುವಣ ಕಡಲಿನ ತನಕ ತ್ರಿಕೋನಗಳ ಸಾಲು ಹೊರಟಿತು. ಸಾವನದುರ್ಗ, ಬಲ್ಲಾಳರಾಯನದುರ್ಗ, ಕೊಡಗಿನ ತಡಿಯಂಡಮೋಳ್, ಕಡಲ ಪಕ್ಕದ ಏಳಿಮಲೆ, ಇವೆಲ್ಲ ಅವನ ಠಾಣೆಗಳು. ಕೊನೆಗೆ ತಿಳಿದದ್ದೇನಪ್ಪಾ ಅಂದರೆ ಈ ಕಡಲಿನಿಂದ ಆ ಕಡಲಿಗೆ 400 ಮೈಲಿ ಅಂದುಕೊಂಡಿದ್ದ ನಮ್ಮ ಪರ್ಯಾಯ ದ್ವೀಪ ನಿಜಕ್ಕೂ 360 ಮೈಲಿ ಮಾತ್ರ. 40 ಮೈಲಿ ನೆಲ ಕಾಗದದ ಮೇಲೆ ಸುಮ್ಮನೆ ಇತ್ತು! ನಡುವೆ 1804ರಲ್ಲಿ ಬೆಂಗಳೂರಿನಲ್ಲಿ ಮತ್ತೊಂದು ಗೆರೆ ಅಳೆದು ತಾಳೆ ನೋಡಿದಾಗ, ಅಷ್ಟು ದೂರದ ಮದ್ರಾಸಿನಿಂದ ಲೆಕ್ಕ ಹಾಕಿ ತೆಗೆದದ್ದಕ್ಕೂ ನೆಲದ ಮೇಲೆ ಅಳೆದದ್ದಕ್ಕೂ ಬಂದ ವ್ಯತ್ಯಾಸ ನಾಲ್ಕಿಂಚೂ ಇರಲಿಲ್ಲ. ಕಂಪನಿಯವರ ಮೇಲೆ ಎಷ್ಟು ಸಿಟ್ಟಿದ್ದರೂ ಈ ಕೆಲಸಕ್ಕೆ ಒಂದು ನಮಸ್ಕಾರ ಹಾಕಲೇಬೇಕು.

ಆದರೆ ಒಂದು ಮಾತು ಗಮನಿಸಿ. ತ್ರಿಕೋನ ತುದಿಯಿಂದ ತುದಿಗೆ ಹಾರುತ್ತದೆ. ನಡುವಿನ ಕಣಿವೆ, ಹುಲ್ಲು, ಹಳ್ಳ, ಹಟ್ಟಿ ಯಾವುದೂ ಅದಕ್ಕೆ ಬೇಕಿಲ್ಲ. ಬೇಕಾದದ್ದು ದೂರದಿಂದ ಕಾಣುವ ತುದಿ, ಅದರ ಮೇಲೊಂದು ಬಾವುಟ. ತುದಿಯ ಮರಗಳು ಅಡ್ಡ ಬಂದರೆ ಕಡಿಸುವುದು. ಮಳೆ ತೊಳೆದ ಗಾಳಿಯಲ್ಲಿ ದೂರದ ಬೆಟ್ಟ ಸ್ಪಷ್ಟವಾಗಿ ಕಾಣುತ್ತದೆ, ಬೇಸಿಗೆಯ ಧೂಳಿನಲ್ಲಿ ಕಾಣುವುದಿಲ್ಲ. ಮಳೆ ಮುಗಿಯುತ್ತಿದ್ದಂತೆ ಕಾಡಿಗೆ ನುಗ್ಗಬೇಕು, ಕಾಡಿನ ಜ್ವರ ಕಾಯುತ್ತಿರುವುದೂ ಆಗಲೇ. 1820ರಲ್ಲಿ ಜಾರ್ಜ್ ಎವರೆಸ್ಟ್ (ಹೌದು, ಆ ಶಿಖರಕ್ಕೆ ಹೆಸರಾದವನೇ) ಕೃಷ್ಣಾ ಗೋದಾವರಿಗಳ ನಡುವಿನ ಕಾಡಿನಲ್ಲಿ ತಂಡದ ಸಮೇತ ಹೀಗೇ ಜ್ವರ ಹಿಡಿದು ಮಲಗಿದ.

ನಡುವಿನ ಜಾಗ ತುಂಬುವ ಕೆಲಸ ಇನ್ನೊಂದು ಬಗೆಯವರದ್ದು. ಮುಕ್ಕಾಲಿಯ ಮೇಲೆ ಹಲಗೆ, ಹಲಗೆಯ ಮೇಲೆ ಕಾಗದ, ಗುರಿ ಹಿಡಿಯಲು ಒಂದು ಪಟ್ಟಿ. ಪ್ಲೇನ್ ಟೇಬಲ್ ಅಂತಾರೆ ಇದಕ್ಕೆ. ತ್ರಿಕೋನದವರು ಕೊಟ್ಟ ತುದಿಗಳನ್ನು ಮೊದಲೇ ಕಾಗದದ ಮೇಲೆ ಗುರುತಿಸಿಕೊಂಡು, ಊರೂರು ಸುತ್ತುತ್ತಾ, ಕಂಡದ್ದನ್ನು ಅಲ್ಲೇ ಗೆರೆ ಹಾಕುತ್ತಾ, ಕಾಣದ್ದನ್ನು ಊರವರನ್ನು ಕೇಳುತ್ತಾ ಹೋಗುವುದು. ಮೆಕೆಂಜಿಯ ಮೈಸೂರು ಸರ್ವೆ ಹೀಗೇ ಊರೂರು ಸುತ್ತಿ, ಸುಮಾರು 40,000 ಚದರ ಮೈಲಿಯನ್ನು ಕಾಗದಕ್ಕೆ ಇಳಿಸಿತು. ನೆಲದ ಜೊತೆಗೆ ಜನರ ಕಥೆಯನ್ನೂ ಬರೆಸಿಕೊಂಡವನು ಅವನು. ಕೈಫಿಯತ್ತುಗಳು ಅಂತ ನಾವು ಓದುತ್ತೇವಲ್ಲ, ಅವು ಅವನ ಸಂಗ್ರಹದವು. 1816ರಲ್ಲಿ ಥಾಮಸ್ ಹಿಕಿ ಬರೆದ ಅವನ ಚಿತ್ರದಲ್ಲಿ ಸುತ್ತ ಮೂವರು ಭಾರತೀಯ ಸಹಾಯಕರಿದ್ದಾರೆ, ಹಿಂದೆ ದೂರದಲ್ಲಿ ಗೊಮ್ಮಟ. ಮಲೆಯೂರಿನ ಜೈನ ಪಂಡಿತ ಧರ್ಮಯ್ಯ, ತೆಲುಗು ನಾಡಿನ ಕಾವಲಿ ಸಹೋದರರು, ಇಂಥವರಿಲ್ಲದೆ ಅವನ ಸರ್ವೆಗೆ ಬಾಯಿಯೂ ಇರಲಿಲ್ಲ, ಕಿವಿಯೂ ಇರಲಿಲ್ಲ.

ಕೊಡಗಿನಲ್ಲಿ 1815ರಿಂದ 1817ರ ತನಕ ಲೆಫ್ಟಿನೆಂಟ್ ಕಾನರ್ ಸರ್ವೆ ಮಾಡಿದ. ಕೊಡಗು ಇನ್ನೂ ಲಿಂಗರಾಜನ ಆಳ್ವಿಕೆಯಲ್ಲಿದ್ದ ಕಾಲ. ಅವನು ಬರೆದಿಟ್ಟ ವರದಿ 1870ರಲ್ಲಿ ಬೆಂಗಳೂರಿನಲ್ಲಿ ಅಚ್ಚಾಯಿತು.

ಹೀಗೆ ಹೊರಗಿನಿಂದ ಬಂದವನಿಗೆ ಬೆಟ್ಟ ಹೇಗೆ ಕಾಣುತ್ತದೆ ಅನ್ನುವುದಕ್ಕೆ ಕುದುರೆಮುಖವೇ ಒಳ್ಳೆಯ ಉದಾಹರಣೆ. ಒಂದು ಕಡೆಯಿಂದ ನೋಡಿದರೆ ಅದು ಕುದುರೆಯ ಮೋರೆ. ಕಡಲಿನಲ್ಲಿ ಬರುವ ಹಡಗಿನವರಿಗೆ ದೂರದ ಗುರುತು. ಅದೇ ಬೆಟ್ಟಕ್ಕೆ ಒಳಗಿನಿಂದ, ಸಂಸೆ ಊರಿನ ಕಡೆಯಿಂದ ಹತ್ತುವವರು ಇಟ್ಟ ಹಳೆಯ ಹೆಸರು ಸಂಸೆ ಪರ್ವತ. ದೂರದಿಂದ ನೋಡುವವರಿಗೆ ಆಕಾರ ಮುಖ್ಯ, ಹತ್ತುವವರಿಗೆ ದಾರಿ ಮುಖ್ಯ. ನಕ್ಷೆಯಲ್ಲಿ ಗೆದ್ದದ್ದು ಕುದುರೆ!

ಇನ್ನು ಕಾಲದ ಮಾತು. ಹಾಳೆ ತುಂಬುವ ತಂಡಗಳು ಸಾಮಾನ್ಯವಾಗಿ ಹೊರಗೆ ಹೊರಡುತ್ತಿದ್ದದ್ದು ಚಳಿಗಾಲದಿಂದ ಬೇಸಿಗೆಯ ತನಕ. ಮಳೆಗಾಲವೆಲ್ಲ ಕಚೇರಿಯಲ್ಲಿ ಕೂತು ತಿದ್ದಿ ಬರೆಯುವುದು. ಈಗ ನಮ್ಮ ಬಾದಾಮಿಯ ಗುಡ್ಡಗಳನ್ನು ನೆನೆಸಿಕೊಳ್ಳಿ. ಮಳೆ ಬಿದ್ದಾಗ ಕಲ್ಲಿನ ಸಂದಿ ಸಂದಿಯಲ್ಲಿ ಹುಲ್ಲು, ಕೊಳ್ಳಗಳಲ್ಲಿ ನೀರು, ಗುಡ್ಡದ ತುಂಬ ಕುರಿ, ಆಡು. ಸುಗ್ಗಿ ಮುಗಿದ ಮೇಲೆ ಹಿಂಡುಗಳು ಬಯಲಿಗೆ ಇಳಿದು ಕೊಯ್ದ ಹೊಲಗಳಲ್ಲಿ ತರುಬುತ್ತವೆ. ಹೊಲದವನಿಗೆ ಗೊಬ್ಬರ, ಕುರಿಯವನಿಗೆ ಕಾಳು ಕಡಿ. ಹಲಗೆ ಹೊತ್ತವನು ಆಗ ಗುಡ್ಡಕ್ಕೆ ಬಂದರೆ ಅವನಿಗೆ ಕಾಣುವುದೇನು? ಒಣ ಕಲ್ಲು, ಕುರುಚಲು. ಅವನು ಸುಳ್ಳು ಬರೆಯಲಿಲ್ಲ. ಅವನು ಬಂದ ತಿಂಗಳಲ್ಲಿ ಅದು ಹಾಗೇ ಇತ್ತು.

ಮೊದಮೊದಲ ನಕ್ಷೆಗಳಲ್ಲಿ ಗುಡ್ಡವನ್ನು ಸಣ್ಣ ಸಣ್ಣ ಗೀಟುಗಳಿಂದ ತೋರಿಸುತ್ತಿದ್ದರು. ನೋಡಿದರೆ ಕಾಗದದ ಮೇಲೆ ಕಂಬಳಿಹುಳ ಹರಿದಂತೆ. ಇಂತಿಷ್ಟು ಎತ್ತರ ಅಂತ ಹೇಳುವ ಸಮೋನ್ನತಿ ರೇಖೆಗಳೂ ಬಣ್ಣಗಳೂ ಇರುವ ಹೊಸ ನಮೂನೆಯ ಹಾಳೆಗಳು ದೇಶಕ್ಕೆಲ್ಲ ಬೇಕು ಅಂತ ತೀರ್ಮಾನವಾದದ್ದು 1905ರ ಸಮಿತಿಯಿಂದ. ಆಗ ಹಳದಿ ಬಂತು, ಹಸಿರು ಬಂತು... ಬಿಳಿ ಹಾಗೇ ಉಳಿಯಿತು.

ಉಳಿದರೆ ಏನಾಯ್ತೀಗ ಅಂತೀರಾ? ಬರೀ ಬಣ್ಣದ ಪ್ರಶ್ನೆಯಾಗಿದ್ದರೆ ನಾನೂ ಸುಮ್ಮನಿರುತ್ತಿದ್ದೆ. ಆದರೆ ಇದೇ ಹೊತ್ತಿಗೆ ಇನ್ನೆರಡು ಪುಸ್ತಕಗಳು ತೆರೆದುಕೊಂಡಿದ್ದವು. ಒಂದು ಕಂದಾಯದ್ದು. ಮುಂಬಯಿ ಪ್ರಾಂತ್ಯದಲ್ಲಿ ಗೋಲ್ಡ್‌ಸ್ಮಿಡ್ ಮತ್ತು ವಿಂಗೇಟ್ ಶುರುಮಾಡಿದ ಪೈಮಾಶಿ ನಮ್ಮ ಕಡೆಗೂ ಬಂತು. ಬಾಂದುಕಲ್ಲು ನೆಟ್ಟು, ಹೊಲ ಹೊಲಕ್ಕೂ ನಂಬರು ಕೊಟ್ಟು, ತೆರಿಗೆ ಕಟ್ಟಿದರು. ತೆರಿಗೆ ಹುಟ್ಟದ ನೆಲಕ್ಕೆ ಇಟ್ಟ ಹೆಸರು 'ಖರಾಬ್'. ನಮ್ಮ ಪಹಣಿಯಲ್ಲಿ ಈಗಲೂ ಆ ಶಬ್ದ ಇದೆ ನೋಡಿ. ಕುರಿಗೆ ಒಳ್ಳೆಯದಾದದ್ದು ಕಾಗದದಲ್ಲಿ ಕೆಟ್ಟದ್ದಾಯಿತು! ಊರ ದನಕ್ಕೆ ಅಂತ ಗಾಯರಾಣ ಬಿಟ್ಟರು, ನಿಜ. ಆದರೆ ಅದು ಆಯಾ ಊರಿಗೆ ಸೇರಿದ್ದು. ಊರಿಂದ ಊರಿಗೆ ನಡೆಯುವವನು ಯಾವ ಊರಿನ ಪುಸ್ತಕದಲ್ಲಿ ಬರಬೇಕು?

ಇನ್ನೊಂದು ಪುಸ್ತಕ ಅರಣ್ಯದ್ದು. ಮೈಸೂರಿನಲ್ಲಿ 1864ರಲ್ಲಿ ಅರಣ್ಯ ಇಲಾಖೆ ಹುಟ್ಟಿತು. 1878ರ ಭಾರತೀಯ ಅರಣ್ಯ ಕಾಯ್ದೆ ಕಾಡನ್ನು ರಕ್ಷಿತ, ಮೀಸಲು ಅಂತೆಲ್ಲ ವಿಂಗಡಿಸಿತು. ಮೀಸಲು ಅರಣ್ಯದ ಗಡಿ ಎಳೆಯುವ ಮೊದಲು ಹಕ್ಕಿದ್ದವರು ಬಂದು ಹೇಳಿಕೊಳ್ಳಬೇಕು. ಹೇಳಿಕೊಳ್ಳದಿದ್ದರೆ ಹೋಯಿತು. ಕರೆ ಬಂದಾಗ ಕುರಿಯವನು ಹತ್ತಾರು ಹರದಾರಿ ಆಚೆ ಇದ್ದರೆ?

ಇಲ್ಲೊಂದು ತಾರತಮ್ಯ ನೋಡಿ. ಮೈಸೂರು ಅರಸರ ಅಮೃತಮಹಲ್ ದನಗಳಿಗೂ ಗುಳೆ ಹೋಗುವ ಬದುಕೇ ಇತ್ತು. ಬೇಸಿಗೆಯ ಕಾವಲು ಬೇರೆ, ಮಳೆಗಾಲದ್ದು ಬೇರೆ, ಚಳಿಗಾಲದ್ದು ಬೇರೆ. ಆದರೆ ಅವು ಸರ್ಕಾರದ ದನ, ತೋಪು ಎಳೆಯುವ ಎತ್ತು ಕೊಡುವ ದನ. ಹಾಗಾಗಿ ಪ್ರತಿ ಕಾವಲಿಗೂ ಹೆಸರು, ಎಲ್ಲೆ, ದಾಖಲೆ ಎಲ್ಲ ಆಯಿತು. ಉತ್ತರ ಕನ್ನಡದ ಅಡಿಕೆ ತೋಟದವರಿಗೆ ಸೊಪ್ಪಿನ ಬೆಟ್ಟ, ಕೊಡಗಿನ ಗದ್ದೆಯವರಿಗೆ ಬಾಣೆ ದಾಖಲಾಯಿತು. ತೋಟ, ಗದ್ದೆ ಇದ್ದವರಿಗೆ ಅದರ ಬಾಲವಾಗಿ ಬೆಟ್ಟವೂ ಬಂತು. ಕುರಿ ಕಾಯುವವನ ಹತ್ತಿರ ತೋಟವೂ ಇಲ್ಲ, ಗದ್ದೆಯೂ ಇಲ್ಲ, ಅರಸರ ಮುದ್ರೆಯೂ ಇಲ್ಲ. ಅವನು ಬಿಳಿಯಲ್ಲೇ ಉಳಿದ.

ದಾಖಲೆ ಇದ್ದರೆ ಎಲ್ಲ ಉಳಿಯುತ್ತದೆ ಅಂತೇನಲ್ಲ. ಚಳ್ಳಕೆರೆಯ ಅಮೃತಮಹಲ್ ಕಾವಲುಗಳ ಸಾವಿರಾರು ಎಕರೆ 2008ರ ನಂತರ ರಕ್ಷಣೆ, ವಿಜ್ಞಾನದ ದೊಡ್ಡ ದೊಡ್ಡ ಸಂಸ್ಥೆಗಳಿಗೆ ಹೋಯಿತು. ಆದರೆ ಕಾವಲು ಅನ್ನುವ ಹೆಸರು ಕಾಗದದಲ್ಲಿ ಇದ್ದದ್ದರಿಂದ ಸುತ್ತಲಿನ ಹಳ್ಳಿಗಳವರಿಗೆ ಹಸಿರು ನ್ಯಾಯಮಂಡಳಿಯ ತನಕ ಹೋಗಿ ಕೇಳಲು ಒಂದು ಹಿಡಿಕೆಯಾದರೂ ಸಿಕ್ಕಿತ್ತು. ಹೆಸರೇ ಇಲ್ಲದ ಬಿಳಿ ಜಾಗಕ್ಕೆ ಆ ಹಿಡಿಕೆಯೂ ಇಲ್ಲ.

ಸರ್ವೆಯವರನ್ನು ಬೈಯಲು ಇದನ್ನು ಬರೆಯುತ್ತಿಲ್ಲ. ಅವರ ಹಾಳೆಗಳಿಂದ ಆದ ಲಾಭ ಸಣ್ಣದಲ್ಲ. ನಮ್ಮ ಸೀಮೆಯನ್ನೇ ತೆಗೆದುಕೊಳ್ಳಿ. ರಾಬರ್ಟ್ ಬ್ರೂಸ್ ಫೂಟ್ ಇಲ್ಲೆಲ್ಲ ಸುತ್ತಿ ಬಂಡೆಗಳ ಬಗ್ಗೆ ಬರೆದದ್ದು 1876ರಲ್ಲಿ ಪ್ರಕಟವಾಯಿತು. ಬಾಗಲಕೋಟೆ ಪಕ್ಕದ ಕಲಾದಗಿಯ ಹೆಸರು ಭೂವಿಜ್ಞಾನದಲ್ಲಿ ನಿಂತದ್ದು ಅವನಿಂದ. ಮಲಪ್ರಭೆ, ಘಟಪ್ರಭೆಗಳ ದಂಡೆಯಲ್ಲಿ ಹಳೆ ಶಿಲಾಯುಗದ ಕಲ್ಲಿನ ಆಯುಧಗಳನ್ನು ಹೆಕ್ಕಿದವನೂ ಅವನೇ. ಆದರೆ ಬಾದಾಮಿ ಹತ್ತಿರದ ಸಿಡಿಲಫಡಿಯಲ್ಲಿ, ಆದಿಮಾನವರು ಚಿತ್ರ ಬರೆದ ಆ ಕಲ್ಲಿನ ಆಸರೆಯಲ್ಲಿ ನಿಂತಾಗ ನನಗೆ ಮೊದಲು ನೆನಪಾದದ್ದು ಆ ಹೆಸರಿಟ್ಟವರು. ಸಿಡಿಲು ಬಡಿದ ಪಡಿ. ಮಳೆಯಲ್ಲಿ ಅಲ್ಲಿ ನಿಂತು ಸಿಡಿಲಿಗೆ ಹೆದರಿದವರೇ ಇಟ್ಟಿರಬೇಕು ಆ ಹೆಸರು. ನಾಗನಾಥನ ಕೊಳ್ಳ, ಹುಲಿಗೆಮ್ಮನ ಕೊಳ್ಳ, ಇವೂ ಅಷ್ಟೇ. ಗುಡಿ ಇದ್ದದ್ದರಿಂದ ಈ ಹೆಸರುಗಳು ಬರಹಕ್ಕೆ ಬಂದವು. ಗುಡಿ ಇಲ್ಲದ ಕೊಳ್ಳಗಳ ಹೆಸರು ಕುರಿಯವರ ಬಾಯಲ್ಲಿ ಮಾತ್ರ ಇವೆ.

ಈಗ ಯಾಕೆ ಇದೆಲ್ಲ? ಕಾರಣ ಇದೆ. 2006ರ ಅರಣ್ಯ ಹಕ್ಕು ಕಾಯ್ದೆ ಮೇವಿನ ಹಕ್ಕನ್ನು ಹೆಸರು ಹಿಡಿದು ಹೇಳುತ್ತದೆ. ಒಂದೇ ಕಡೆ ನೆಲೆ ನಿಂತವರದ್ದಷ್ಟೇ ಅಲ್ಲ, ಕಾಲಕಾಲಕ್ಕೆ ಬಂದು ಹೋಗುವ ಪಶುಪಾಲಕರದ್ದೂ ಅದರಲ್ಲಿ ಸೇರಿದೆ. ಆದರೆ ಪರಿಶಿಷ್ಟ ಪಂಗಡಕ್ಕೆ ಸೇರದವರು ಮೂರು ತಲೆಮಾರು, ಅಂದರೆ 75 ವರ್ಷಗಳ ನಂಟು ತೋರಿಸಬೇಕು. ಏನು ತೋರಿಸುವುದು? ನಿಯಮಗಳಲ್ಲಿ ಪುರಾವೆಗಳ ಪಟ್ಟಿ ಇದೆ. ಗೆಜೆಟಿಯರ್, ಸರ್ವೆ ವರದಿ, ನಕ್ಷೆ ಇವೆಲ್ಲ ಅದರಲ್ಲಿವೆ. ನಮ್ಮ ಕುರಿಯವರು ನಕ್ಷೆ ತೆರೆದರೆ ಅಲ್ಲಿ ಬಿಳಿ.

ಆದರೆ ಅದೇ ಪಟ್ಟಿಯಲ್ಲಿ ಇನ್ನೊಂದು ಸಾಲೂ ಇದೆ. ಹಿರಿಯರು ಹೇಳಿದ್ದನ್ನು ಬರೆದುಕೊಂಡರೆ ಅದೂ ಪುರಾವೆಯೇ. ಇನ್ನೂರು ವರ್ಷದ ಹಿಂದೆ ಮೆಕೆಂಜಿಯ ಜನ ಊರೂರಲ್ಲಿ ಕೂತು ಬರೆದುಕೊಂಡರಲ್ಲ, ಅದೇ ಕೆಲಸ. ಒಂದಕ್ಕಿಂತ ಹೆಚ್ಚು ಪುರಾವೆ ಬೇಕು ಅನ್ನುತ್ತದೆ ನಿಯಮ. ಹಾಗಾದರೆ ನಕ್ಷೆಯ ಮೇಲೆ ಹಿರಿಯರ ಹೆಸರುಗಳನ್ನು ಕೂಡಿಸಬೇಕು. ಎರಡೂ ಬೇರೆ ಬೇರೆಯಾಗಿದ್ದರೆ ಅರ್ಧ ಅರ್ಧ.

ಅದಕ್ಕೆ ಅನುಕೂಲವೂ ಈಗ ಬಂದಿದೆ. ಮೊದಲು ಟೋಪೋಶೀಟು ಅಂದರೆ ಗುಟ್ಟಿನ ವಸ್ತು, ಎಷ್ಟೋ ಹಾಳೆಗಳು ಸಾಮಾನ್ಯರ ಕೈಗೆ ಸಿಗುತ್ತಿರಲಿಲ್ಲ. 2005ರ ರಾಷ್ಟ್ರೀಯ ನಕ್ಷಾ ನೀತಿ ಸಾರ್ವಜನಿಕರಿಗೆ ಅಂತ ಬೇರೆ ಹಾಳೆಗಳ ಸರಣಿ ತಂದಿತು. 2021ರಲ್ಲಿ ನಿಯಮಗಳು ಇನ್ನಷ್ಟು ಸಡಿಲವಾದವು. ನಮ್ಮ ಗುಡ್ಡದ ನಕ್ಷೆ ನಾವು ನೋಡುವುದಕ್ಕೆ, ಅದರ ಮೇಲೆ ನಮ್ಮ ಗುರುತು ಹಾಕುವುದಕ್ಕೆ ಈಗ ಯಾರ ಕಾಲೂ ಹಿಡಿಯಬೇಕಿಲ್ಲ.

ನಾನು ಶುರುಮಾಡಿದ್ದೇನೆ. ಆ ಕಾಕಾ ಹೇಳಿದ ಹನ್ನೊಂದು ನೀರಿನ ಹೆಸರುಗಳನ್ನು ಪೆನ್ಸಿಲ್ಲಿನಲ್ಲಿ ಹಾಳೆಯ ಮೇಲೆ ಬರೆದಿದ್ದೇನೆ. ಮೂರು 48ಎಂನ ಬಿಳಿಯಲ್ಲಿ ಬಂದವು, ಎಂಟು 47ಪಿಯಲ್ಲಿ. ಎರಡು ಹಾಳೆಗಳ ನಡುವಿನ ಗೆರೆ ಇದೆಯಲ್ಲ, ಅದನ್ನು ಅವರಿಗೆ ತೋರಿಸಿ 16 ಡಿಗ್ರಿ, ಅಕ್ಷಾಂಶ ಅಂತೆಲ್ಲ ವಿವರಿಸಿದೆ. ತಾಳ್ಮೆಯಿಂದ ಕೇಳಿದರು.

"ಕುರಿಗಿ ಗೊತ್ತಿಲ್ಲ ಬಿಡು" ಅಂದರು. :-)

ನಿಮ್ಮೂರ ಗುಡ್ಡದಲ್ಲೂ ಇಂಥ ಬಿಳಿ ಜಾಗ ಇದ್ದೇ ಇರುತ್ತದೆ. ಹೆಸರು ಗೊತ್ತಿರುವ ಹಿರಿಯರು ಇನ್ನೂ ಇದ್ದರೆ ತಡ ಮಾಡಬೇಡಿ, ಕೇಳಿ ಬರೆದಿಡಿ.